ಅಂಗಳದ ಅಂಬಾಸಿಡರ್‌ಗೆ ಬೆಲೆ ಕಟ್ಟುವವರು ಯಾರು?



ಇವತ್ತು ಚಿನ್ನದ ದರ ಎಷ್ಟು ಎಂದು ಕೇಳಿದರೆ ನಮ್ಮಲ್ಲಿ ಹೇಳದವರು ಯಾರೂ ಇಲ್ಲ. ಅಂಗಳದಲ್ಲಿ ನಿಂತಿರುವ ಹಳೆಯ ಕಾರಿನ ಬೆಲೆ ಎಷ್ಟು ಎಂದು ಕೇಳಿದರೆ ಮಾತ್ರ "ಅದೆಲ್ಲ ಗಂಡಸರಿಗೆ ಗೊತ್ತು" ಎನ್ನುತ್ತೇವೆ. ಗಂಡಸರನ್ನು ಕೇಳಿದರೆ "ಏಜೆಂಟರಿಗೆ ಗೊತ್ತು" ಎನ್ನುತ್ತಾರೆ. ಏಜೆಂಟರು ಕಂಪ್ಯೂಟರಿನ ಕಡೆಗೆ ಕೈ ತೋರಿಸುತ್ತಾರೆ. ಹೀಗೆ ಒಬ್ಬರ ಮೇಲೊಬ್ಬರು ಹಾಕುತ್ತಾ ಹೋದರೆ, ಮನೆಯ ಒಂದು ಅಮೂಲ್ಯ ವಸ್ತುವಿಗೆ ಮನೆಯವರು ಯಾರೂ ಬೆಲೆ ಕಟ್ಟಿಲ್ಲವೆಂಬುದು ಕೊನೆಗೆ ಗೊತ್ತಾಗುತ್ತದೆ. ಆ ಹೊತ್ತಿಗೆ ಕಾರಿಗೆ ಏನಾದರೂ ಆಗಿಹೋಗಿರುತ್ತದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಓಣಿಗಳಲ್ಲಿ ಓಡಾಡಿದವರಿಗೆ ನಾನು ಹೇಳುವ ಕಾರುಗಳು ಗೊತ್ತು. ತೆಂಗಿನಕಾಯಿ, ಕೊಬ್ಬರಿ ವ್ಯಾಪಾರ ಮಾಡಿದ ಮನೆಗಳಲ್ಲಿ ಅಂಬಾಸಿಡರ್, ಮೇಷ್ಟ್ರುಗಳ ಮನೆಯಲ್ಲಿ ಫಿಯೆಟ್, ತೋಟ ಮತ್ತು ಗಣಿ ಕೆಲಸದವರ ಬಳಿ ಜೀಪು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ತಯಾರಾದ ಅಂಬಾಸಿಡರ್ ಬಂಗಾಳದ ಉತ್ತರಪಾಡಾ ಕಾರ್ಖಾನೆಯಿಂದ ಹೊರಬರುವುದು 2014ರಲ್ಲಿ ನಿಂತುಹೋಯಿತು. ಮುಂಬೈಯ ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ತಯಾರಿಕೆ ನಿಂತ ಮೇಲೆ ಅವುಗಳ ಬೆಲೆ ಇಳಿಯಬೇಕಿತ್ತು, ಆದರೆ ಚೆನ್ನಾಗಿ ಕಾಪಾಡಿದ ಕಾರುಗಳಿಗೆ ಏರಿದೆ. ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಬದಿಯಲ್ಲಿ ಧರ್ಮಸ್ಥಳದವರು ತೆರೆದಿರುವ ಪಯಣ ಎಂಬ ಹಳೆಯ ಕಾರುಗಳ ಸಂಗ್ರಹಾಲಯವನ್ನು ನೋಡಲು ಜನ ಟಿಕೆಟ್ ಕೊಂಡು ಹೋಗುತ್ತಾರೆ. ನಮ್ಮ ಅಂಗಳದ ಕಾರಿನ ಮೇಲೆ ಮಾತ್ರ ಮೆಣಸಿನಕಾಯಿ ಒಣಗುತ್ತಿರುತ್ತದೆ!

ನಾನು ಮದರಸಾದಲ್ಲಿ ಕಲಿತು, ನಂತರ ಬಿ.ಎ. ಮಾಡಿ, ಈಗ ಮಕ್ಕಳಿಗೆ ಪಾಠ ಹೇಳುವವಳು. ಕಾರು ಓಡಿಸಲು ನನಗೆ ಬರುವುದಿಲ್ಲ. ಆದರೆ ಓದಲು ಬರುತ್ತದೆ. ವಿಮೆಯ ಪಾಲಿಸಿಯೂ ಓದುವ ಕಾಗದವೇ. ಹೊಸದುರ್ಗದ ನನ್ನ ಮುಮಾನಿಯ ಮನೆಯಲ್ಲಿ ನಡೆದ ಒಂದು ಘಟನೆಯ ನಂತರ ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅದರಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಾಗದದ ಮೇಲಿನ ಬೆಲೆ

ಪ್ರತಿಯೊಂದು ಪಾಲಿಸಿಯ ಮೊದಲ ಪುಟದಲ್ಲಿ ಐ.ಡಿ.ವಿ. ಎಂಬ ಮೂರಕ್ಷರದ ಕೆಳಗೆ ಒಂದು ಮೊತ್ತ ಇರುತ್ತದೆ. ಕಾರು ಕಳುವಾದರೆ ಅಥವಾ ಪೂರ್ತಿ ನಾಶವಾದರೆ ಕಂಪೆನಿ ಕೊಡುವ ಗರಿಷ್ಠ ಹಣ ಅದು. 2002ರ ಭಾರತೀಯ ಮೋಟಾರು ದರಪಟ್ಟಿಯಲ್ಲಿ ಇದಕ್ಕೊಂದು ಲೆಕ್ಕ ಹಾಕಿಕೊಟ್ಟರು. ಕಾರಿಗೆ ಆರು ತಿಂಗಳು ತುಂಬುವವರೆಗೆ ಶೇಕಡಾ 5, ನಂತರ ಒಂದು ವರ್ಷದವರೆಗೆ 15, ಹೀಗೆ ಬೆಲೆ ಇಳಿಯುತ್ತಾ ನಾಲ್ಕರಿಂದ ಐದು ವರ್ಷದ ಕಾರಿಗೆ ಅರ್ಧ ಬೆಲೆ. ಐದು ವರ್ಷ ದಾಟಿದ ಮೇಲೆ ಪಟ್ಟಿ ಮೌನವಾಗುತ್ತದೆ. ಅಲ್ಲಿಂದ ಮುಂದೆ ಕಾರಿನ ಬೆಲೆಯನ್ನು ಕಂಪೆನಿ ಮತ್ತು ಮಾಲೀಕರು ಮಾತಾಡಿ ಒಪ್ಪಿಕೊಳ್ಳಬೇಕು.

ಈ ಮಾತನ್ನು ಇನ್ನೊಮ್ಮೆ ಓದಿರಿ. ಹಳೆಯ ಕಾರಿಗೆ ಕಾನೂನೇ ಮಾತುಕತೆಗೆ ಜಾಗ ಬಿಟ್ಟಿದೆ. ಆ ಜಾಗದಲ್ಲಿ ನಾವು ಮಾತಾಡದೆ ಇದ್ದರೆ ಕಂಪ್ಯೂಟರು ಮಾತಾಡುತ್ತದೆ. ಹೋದ ವರ್ಷದ ಮೊತ್ತದಲ್ಲಿ ಇಷ್ಟು ಕಳೆದು ಈ ವರ್ಷದ ಮೊತ್ತ ಬರೆಯುತ್ತದೆ. ಕಂತು ಕಡಿಮೆಯಾಯಿತೆಂದು ನಮಗೂ ಖುಷಿ.

ನನ್ನ ಮಾಮು 1973ರ ಮಾರ್ಕ್ ಟೂ ಅಂಬಾಸಿಡರನ್ನು ಕೊನೆಯವರೆಗೂ ಮಗನಂತೆ ನೋಡಿಕೊಂಡಿದ್ದರು. ಮುಮಾನಿಗೂ ಅದರ ಮೇಲೆ ಅಷ್ಟೇ ಪ್ರೀತಿ. "ನನ್ನ ನಾಲ್ಕು ಹೆರಿಗೆಗೂ ಇದೇ ಕಾರಿನಲ್ಲಿ ಆಸ್ಪತ್ರೆಗೆ ಹೋಗಿದ್ದು ಬೇಟಿ, ಮಾರು ಅನ್ನಬೇಡ" ಎನ್ನುತ್ತಾರೆ. ಬೆಂಗಳೂರಿನಿಂದ ಬಂದವರೊಬ್ಬರು ಮೂರು ಲಕ್ಷಕ್ಕೆ ಕೇಳಿದರೂ ಕೊಟ್ಟಿರಲಿಲ್ಲ. ಮಾಮು ತೀರಿಕೊಂಡು ಮೂರು ವರ್ಷಗಳಾದ ಮೇಲೆ, 2019ರ ಬೇಸಿಗೆಯಲ್ಲಿ, ಹೊಳಲ್ಕೆರೆಯ ಮದುವೆಯೊಂದರಿಂದ ಮರಳುವಾಗ ಬಾನೆಟ್ಟಿನಿಂದ ಹೊಗೆ ಬಂತು. ಹಳೆಯ ವೈರುಗಳ ರಬ್ಬರು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಡ್ರೈವರು ಎಲ್ಲರನ್ನೂ ಇಳಿಸಿ, ದಾರಿಹೋಕರು ಮಣ್ಣೆರಚಿ ಬೆಂಕಿ ಆರಿಸಿದರು. ಅಲ್‌ಹಮ್ದುಲಿಲ್ಲಾಹ್, ಯಾರಿಗೂ ಏನೂ ಆಗಲಿಲ್ಲ. ಎಂಜಿನ್ನಿನ ಮುಂಭಾಗ, ವೈರಿಂಗ್, ಡ್ಯಾಶ್‌ಬೋರ್ಡ್ ಸುಟ್ಟುಹೋದವು.

ಮೆಕ್ಯಾನಿಕ್ ಹೇಳಿದ ರಿಪೇರಿ ಖರ್ಚು 48,000 ರೂಪಾಯಿ. ಪಾಲಿಸಿಯಲ್ಲಿದ್ದ ಐ.ಡಿ.ವಿ. 40,000. ಇಲ್ಲಿ ಯಾರೂ ನಿರೀಕ್ಷಿಸದ ನಿಯಮವೊಂದು ಎದುರಾಯಿತು. ರಿಪೇರಿ ಖರ್ಚು ಐ.ಡಿ.ವಿ.ಯ ಶೇಕಡಾ 75ನ್ನು ದಾಟಿದರೆ ಕಾರು ಪೂರ್ತಿ ನಾಶವಾಯಿತೆಂದು ಲೆಕ್ಕ. ನಲವತ್ತು ಸಾವಿರದ ಶೇಕಡಾ 75 ಎಂದರೆ 30,000. ಹೀಗಾಗಿ ನಮ್ಮ ಕಣ್ಣೆದುರು ನಿಂತಿದ್ದ, ರಿಪೇರಿಯಾಗಬಲ್ಲ ಕಾರು ಕಾಗದದ ಮೇಲೆ ಸತ್ತುಹೋಯಿತು! ಹಣ ಪಡೆದು ಕಾರನ್ನು ಬಿಟ್ಟುಕೊಡಿ, ಇಲ್ಲವೇ ಗುಜರಿ ಬೆಲೆ ಕಳೆದುಕೊಂಡು ಉಳಿದದ್ದು ತೆಗೆದುಕೊಳ್ಳಿ ಎಂದರು. ಮುಮಾನಿ ಕಾರು ಬಿಡಲಿಲ್ಲ. ಗುಜರಿ ಬೆಲೆ 12,000 ಮತ್ತು ಕಡ್ಡಾಯ ಕಡಿತ 1,000 ಕಳೆದು 27,000 ಕೈಗೆ ಬಂತು. ಉಳಿದ 21,000ಕ್ಕೆ ಒಂದು ಜೊತೆ ಬಳೆ ಹೋಯಿತು.

ಕಂಪೆನಿ ನಿಯಮ ಮೀರಿರಲಿಲ್ಲ. ಮೂರು ಲಕ್ಷದ ಕಾರಿಗೆ ನಲವತ್ತು ಸಾವಿರವೆಂದು ಬರೆದ ಕಾಗದವೇ ಹಾಗಿತ್ತು. ಅದೇ ಕಾಗದದಲ್ಲಿ ಮೂರು ಲಕ್ಷವಿದ್ದಿದ್ದರೆ ಅದು ಬರಿಯ ರಿಪೇರಿ ಪ್ರಕರಣವಾಗುತ್ತಿತ್ತು. ಹೆಚ್ಚಿನ ಐ.ಡಿ.ವಿ.ಗೆ ಕಂತು ಹೆಚ್ಚಾಗುವುದು ನಿಜ. 2002ರ ದರಪಟ್ಟಿಯ ಪ್ರಕಾರ ಒಂದು ಲಕ್ಷಕ್ಕೆ ಮೂರು ಸಾವಿರದ ಚಿಲ್ಲರೆ. 2007ರಿಂದ ಕಂಪೆನಿಗಳು ತಮ್ಮದೇ ದರ ಹಾಕುತ್ತಿರುವುದರಿಂದ ನಾಲ್ಕು ಕಡೆ ವಿಚಾರಿಸಿದರೆ ವ್ಯತ್ಯಾಸ ಸಿಗುತ್ತದೆ. ಈಗ ಮುಮಾನಿ ಮೌಲ್ಯಮಾಪಕರಿಂದ ವರದಿ ಬರೆಸಿ, ನಾಲ್ಕೂ ಕಡೆಯ ಫೋಟೋ, ರಿಪೇರಿಯ ಬಿಲ್ಲುಗಳನ್ನು ಜೊತೆಗಿಟ್ಟು, ನ್ಯಾಯವಾದ ಮೊತ್ತ ಬರೆಸಿಕೊಂಡಿದ್ದಾರೆ.

ಒಂದು ಎಚ್ಚರಿಕೆ. ಮೊತ್ತ ಹೆಚ್ಚಿದ್ದರೂ ಬಿಡಿಭಾಗಗಳಿಗೆ ಪೂರ್ತಿ ಹಣ ಬರುವುದಿಲ್ಲ. ಟೈರು, ಬ್ಯಾಟರಿ, ರಬ್ಬರು, ಪ್ಲಾಸ್ಟಿಕ್ಕಿಗೆ ಅರ್ಧ. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೂ ಅರ್ಧವೇ. ಗಾಜಿಗೆ ಮಾತ್ರ ಕಡಿತವಿಲ್ಲ. ಈ ಕಡಿತವಿಲ್ಲದ ವಿಶೇಷ ರಕ್ಷಣೆ ಸಾಮಾನ್ಯವಾಗಿ ಹೊಸ ಕಾರುಗಳಿಗೆ ಮಾತ್ರ ಸಿಗುತ್ತದೆ.

ಹಿಂದಿನ ಸೀಟಿನಲ್ಲಿ ಕುಳಿತವರು

ಸಹೋದರಿಯರೇ, ಕಾರಿನ ಬೆಲೆಗಿಂತ ದೊಡ್ಡ ಮಾತು ಇದು. ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದಿಲ್ಲದೆ ರಸ್ತೆಗಿಳಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಮ್ಮ ಕಾರಿನಿಂದ ದಾರಿಹೋಕರಿಗೆ ಸಾವು ನೋವು ಸಂಭವಿಸಿದರೆ ನ್ಯಾಯಮಂಡಳಿ ಹೇಳಿದ ಪರಿಹಾರವನ್ನು ಕಂಪೆನಿ ಕೊಡುತ್ತದೆ. ಇದಕ್ಕೆ ಮಿತಿಯಿಲ್ಲ. ವಿಮೆ ಇಲ್ಲದಿದ್ದರೆ ಆ ಹೊರೆ ಮನೆ, ತೋಟದ ಮೇಲೆ ಬರುತ್ತದೆ.

"ಹಳೆಯ ಗಾಡಿ ತಾನೆ, ಥರ್ಡ್ ಪಾರ್ಟಿ ಒಂದೇ ಸಾಕು" ಎಂದು ಹಲವರು ಹೇಳುತ್ತಾರೆ. ಅವರಿಗೆ ಒಂದು ಪ್ರಶ್ನೆ ಕೇಳಿ. ಕಾರಿನೊಳಗೆ ಕುಳಿತವರ ಗತಿಯೇನು? ಆ ಕಡ್ಡಾಯ ಪಾಲಿಸಿ ಇರುವುದು ರಸ್ತೆಯಲ್ಲಿರುವ ಹೊರಗಿನವರಿಗಾಗಿ. ಖಾಸಗಿ ವಾಹನದಲ್ಲಿ ಬಾಡಿಗೆ ಕೊಡದೆ ಕುಳಿತವರು ಅದರ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹಿಂಬದಿ ಸವಾರರೊಬ್ಬರ ಪ್ರಕರಣದಲ್ಲಿ ಹೇಳಿತು. ಸಮಗ್ರ ಪಾಲಿಸಿಯಾದರೆ ಕಾರಿನಲ್ಲಿ ಕುಳಿತವರೂ ಸೇರುತ್ತಾರೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರ ನವೆಂಬರಿನ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು. ನಮ್ಮ ಮನೆಗಳಲ್ಲಿ ಹಿಂದಿನ ಸೀಟಿನಲ್ಲಿ ಕೂರುವವರು ಯಾರು? ಅಮ್ಮಿ, ಆಪಾ, ಭಾಭಿ, ಮಡಿಲಲ್ಲಿ ಮಕ್ಕಳು. ಏರ್‌ಬ್ಯಾಗ್ ಇಲ್ಲದ, ಹಿಂದೆ ಸೀಟ್‌ಬೆಲ್ಟೂ ಇಲ್ಲದ ಕಾರಿನಲ್ಲಿ! ಥರ್ಡ್ ಪಾರ್ಟಿಯೋ ಸಮಗ್ರವೋ ಎಂದು ತೀರ್ಮಾನಿಸುವಾಗ ಮೊದಲು ನೋಡಬೇಕಾದದ್ದು ಇದನ್ನು.

ಇದರ ಜೊತೆಗೇ ಇನ್ನೊಂದು. ಮಾಲೀಕರೇ ಚಾಲಕರಾಗಿದ್ದರೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಅದಕ್ಕೆ ಮಾಲೀಕರ ಬಳಿ ಚಾಲನಾ ಪರವಾನಗಿ ಇರಬೇಕು. ಮುಮಾನಿಯಂತೆ ಹೆಸರು ತಮ್ಮದು, ಓಡಿಸುವವರು ಬೇರೆಯವರು ಎಂದಾದರೆ ಅದು ಉಪಯೋಗಕ್ಕೆ ಬಾರದು. ಬದಲಿಗೆ ಸಂಬಳದ ಡ್ರೈವರಿಗೆ ಮತ್ತು ಪ್ರಯಾಣಿಕರಿಗೆ ಪ್ರತ್ಯೇಕ ರಕ್ಷಣೆ ಸೇರಿಸಲು ಹೇಳಬೇಕು. ಖರ್ಚು ಅಲ್ಪ.

ವಿಂಟೇಜ್ ಎಂದರೆ ಯಾವುದು?

ಹಳೆಯ ಕಾರುಗಳನ್ನೆಲ್ಲ ನಾವು ವಿಂಟೇಜ್ ಎಂದು ಕರೆದುಬಿಡುತ್ತೇವೆ. ಕಾಗದದಲ್ಲಿ ಈ ಪದಕ್ಕೆ ಎರಡು ಅರ್ಥಗಳಿವೆ. 2002ರ ದರಪಟ್ಟಿಯಲ್ಲಿ 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಪಡೆದ ಕಾರು ಮಾತ್ರ ವಿಂಟೇಜ್. ಅಂಥ ಕಾರುಗಳಿಗೆ ಮಾತ್ರ ಒಪ್ಪಿತ ಮೌಲ್ಯದ ಪಾಲಿಸಿ ಕೊಡಲು ಆ ಪಟ್ಟಿ ಅವಕಾಶ ಮಾಡಿತ್ತು. ಅಂದರೆ ಕಾರು ಪೂರ್ತಿ ನಾಶವಾದರೆ ಮೊದಲೇ ಒಪ್ಪಿದ ಮೊತ್ತವನ್ನು ಸವಕಳಿ ಕಳೆಯದೆ ಕೊಡುವುದು. ಸ್ವಾತಂತ್ರ್ಯಾನಂತರ ಬಂದ ಅಂಬಾಸಿಡರ್ ಈ ಲೆಕ್ಕದಲ್ಲಿ ವಿಂಟೇಜ್ ಆಗಲಾರದು. ಆದ್ದರಿಂದಲೇ ನಮ್ಮ ಕಾರುಗಳಿಗೆ ಐ.ಡಿ.ವಿ. ಬರೆಸುವಾಗಿನ ಮಾತುಕತೆ ಅಷ್ಟು ಮುಖ್ಯ.

ಎರಡನೆಯದು 2021ರ ಜುಲೈನಲ್ಲಿ ಕೇಂದ್ರ ಸರಕಾರ ತಂದ ನೋಂದಣಿ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದಿರುವ, ವ್ಯಾಪಾರಕ್ಕೆ ಬಳಸದ ಕಾರು ಮತ್ತು ದ್ವಿಚಕ್ರ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ ಹತ್ತು ವರ್ಷ. ಮೊದಲೇ ನೋಂದಣಿಯಾದ ಕಾರು ತನ್ನ ಹಳೆಯ ನಂಬರನ್ನು ಉಳಿಸಿಕೊಳ್ಳಬಹುದು. ಹೀಗೆ ನೋಂದಾಯಿಸಿದ ಕಾರಿಗೆ 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಥರ್ಡ್ ಪಾರ್ಟಿ ಕಂತು ಅರ್ಧ. ಮುಮಾನಿಯ ಅಂಬಾಸಿಡರ್ 1489 ಸಿ.ಸಿ. ಆ ವರ್ಗದ ಕಂತು 3,416 ರೂಪಾಯಿ. ಅರ್ಧವೆಂದರೆ 1,708.

ವರ್ಷಕ್ಕೆ 1,708 ರೂಪಾಯಿ ಉಳಿಯುತ್ತದೆಂದು ಆತುರಪಡಬೇಡಿ. ವಿಂಟೇಜ್ ಆಗಿ ನೋಂದಣಿಯಾದ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಮತ್ತು ದುರಸ್ತಿಗಾಗಿ ಮಾತ್ರ ರಸ್ತೆಗೆ ತರಬೇಕು. ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಹೋಗುವಂತಿಲ್ಲ. ಕಾರನ್ನು ಜೋಪಾನ ಮಾಡಿ ವರ್ಷಕ್ಕೊಮ್ಮೆ ಬೆಂಗಳೂರಿನ ರ‍್ಯಾಲಿಗೆ ಒಯ್ಯುವವರಿಗೆ ಅದು ಸರಿ. ಶುಕ್ರವಾರಕ್ಕೊಮ್ಮೆ ಮಗಳ ಮನೆಗೆ ಹೊರಡುವ ಮುಮಾನಿಗೆ ಸಾಮಾನ್ಯ ನೋಂದಣಿಯೇ ಸರಿ. ಕಾರನ್ನು ಕಡಿಮೆ ಓಡಿಸುವವರು, ಓಡಿದ ದೂರಕ್ಕೆ ತಕ್ಕ ಕಂತು ಕಟ್ಟುವ ಸೌಲಭ್ಯವಿದೆಯೇ ಎಂದು ಕೇಳಬಹುದು. 2022ರಿಂದ ಕಂಪೆನಿಗಳು ಅದನ್ನು ಕೊಡಲು ಅನುಮತಿಯಿದೆ.

ಮದುವೆ, ಮಳೆ ಮತ್ತು ಆರ್.ಸಿ.

ಹಳೆಯ ಕಾರಿಗೆ ಹೂವಿನ ಹಾರ ಹಾಕಿ ಮದುಮಗನನ್ನು ಕೂರಿಸುವ ಆಸೆ ಈಗ ಮತ್ತೆ ಬಂದಿದೆ. ನೆಂಟರಿಗೆ ಸುಮ್ಮನೆ ಕೊಟ್ಟರೆ ಅಡ್ಡಿಯಿಲ್ಲ. ಹಣ ಪಡೆದು ಕೊಟ್ಟರೆ ಅದು ಬಾಡಿಗೆ. ಖಾಸಗಿ ಕಾರಿನ ಪಾಲಿಸಿ ಬಾಡಿಗೆಗೆ ಅನ್ವಯಿಸುವುದಿಲ್ಲವೆಂದು ಅದರಲ್ಲೇ ಬರೆದಿದೆ. ಆ ದಿನ ಏನಾದರೂ ಆದರೆ ಎರಡು ಸಾವಿರದ ಬಾಡಿಗೆ ಎರಡು ಲಕ್ಷದ ನಷ್ಟವಾದೀತು.

ನಮ್ಮದು ಬರದ ಜಿಲ್ಲೆ, ನೆರೆಯ ಚಿಂತೆ ಯಾಕೆ ಎನ್ನಬೇಡಿ. 1933ರ ನಂತರ ಕೋಡಿ ಬೀಳದಿದ್ದ ಹಿರಿಯೂರಿನ ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು, ವೇದಾವತಿ ತುಂಬಿ ಹರಿಯಿತು. ನೆರೆಯ ಹಾನಿ ಸಮಗ್ರ ಪಾಲಿಸಿಯಲ್ಲಿ ಸೇರುತ್ತದೆ, ಥರ್ಡ್ ಪಾರ್ಟಿಯಲ್ಲಿ ಸೇರುವುದಿಲ್ಲ. ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಲು ಹೋಗಿ ಕೆಡಿಸಿಕೊಂಡರೆ, ಎಂಜಿನ್ ರಕ್ಷಣೆಯನ್ನು ಬೇರೆಯಾಗಿ ಪಡೆಯದವರಿಗೆ ಕಂಪೆನಿ ಹಣ ನಿರಾಕರಿಸುತ್ತದೆ. ಕೀಲಿ ತಿರುಗಿಸದೆ, ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯುವುದೇ ಜಾಣತನ.

ಇವೆಲ್ಲ ಇದ್ದು ಆರ್.ಸಿ. ಅವಧಿ ಮುಗಿದಿದ್ದರೆ? ಖಾಸಗಿ ಕಾರಿನ ಆರ್.ಸಿ. ಹದಿನೈದು ವರ್ಷಕ್ಕೆ ಮುಗಿಯುತ್ತದೆ. ನಂತರ ಐದೈದು ವರ್ಷಕ್ಕೆ ಆರ್.ಟಿ.ಓ. ಕಚೇರಿಗೆ ಕಾರನ್ನು ಒಯ್ದು ತೋರಿಸಿ ನವೀಕರಿಸಬೇಕು. 20 ವರ್ಷ ದಾಟಿದ ಕಾರಿಗೆ ಈ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಿದರು. ಭಾರವೆನಿಸುತ್ತದೆ ನಿಜ. ಆದರೆ ನೋಂದಣಿಯ ಅವಧಿ ಮುಗಿದ ಕಾರು ಕಳುವಾದ ಪ್ರಕರಣದಲ್ಲಿ ಕಂಪೆನಿ ಹಣ ಕೊಡಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿದೆ. ಹತ್ತು ಸಾವಿರ ಉಳಿಸಿ ಕಾರನ್ನೇ ಕಳೆದುಕೊಳ್ಳಬಾರದಲ್ಲವೇ?

ಮಾಲೀಕರು ಇಲ್ಲವಾದಾಗ

ಮನೆಯ ಯಜಮಾನರು ತೀರಿಕೊಂಡಾಗ ಕಾರಿನ ಕಾಗದ ನೋಡುವ ಮನಸ್ಸು ಯಾರಿಗೂ ಇರುವುದಿಲ್ಲ. ಆದರೆ ಕಾನೂನಿನ ಗಡಿಯಾರ ನಿಲ್ಲುವುದಿಲ್ಲ. ಮರಣದ ನಂತರ ಅವರ ಹೆಸರಿನ ಪಾಲಿಸಿ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಷ್ಟೇ ಜೀವಂತ. ಮೂವತ್ತು ದಿನಗಳೊಳಗೆ ಆರ್.ಟಿ.ಓ.ಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31 ತುಂಬಿ ವಾರಸುದಾರರ ಹೆಸರಿಗೆ ಆರ್.ಸಿ. ಮಾಡಿಸಬೇಕು, ನಂತರ ಪಾಲಿಸಿಯನ್ನೂ. ಮುಮಾನಿಯ ಹಿರಿಯ ಮಗಳು ಇದ್ದತ್‌ನ ದಿನಗಳಲ್ಲೇ ತಾಯಿಯ ಸಹಿ ಹಾಕಿಸಿ, ತಮ್ಮಂದಿರ ಒಪ್ಪಿಗೆ ಪತ್ರ ತರಿಸಿ, ಈ ಕೆಲಸ ಮುಗಿಸಿದ್ದಳು. ಮೂರು ವರ್ಷಗಳ ನಂತರ ಬೆಂಕಿಯಲ್ಲಿ ಆ 27,000ವಾದರೂ ಬಂದದ್ದು ಅವಳಿಂದ.

ಕಾರೂ ಮೀರಾಸಿನ ಭಾಗವೇ ಎಂಬುದನ್ನು ಮರೆಯಬಾರದು. ಸಾಲ, ವಸಿಯ್ಯತ್ ಕಳೆದ ಮೇಲೆ, ಮಕ್ಕಳಿದ್ದಲ್ಲಿ ಪತ್ನಿಗೆ ಎಂಟರಲ್ಲೊಂದು ಭಾಗ, ಉಳಿದವರಿಗೆ ಅವರವರ ಪಾಲು. ಆರ್.ಸಿ.ಯಲ್ಲಿ ಒಬ್ಬರ ಹೆಸರು ಬಂದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಯುವುದಿಲ್ಲ. ಆಗ ಆ ಕಾರು ಹೆಸರಿದ್ದವರ ಕೈಯಲ್ಲಿರುವ ಅಮಾನತ್. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದರೆ ಎಲ್ಲರ ಪಾಲಿಗೂ ನಷ್ಟ.

"ವಿಮೆಯೇ ಸರಿಯೇ?" ಎಂದು ಕೇಳುವ ಸಹೋದರಿಯರೂ ಇದ್ದಾರೆ. ಈ ವಿಷಯದಲ್ಲಿ ಉಲಮಾಗಳ ಚರ್ಚೆ ದೀರ್ಘವಾದದ್ದು. 1985ರಲ್ಲಿ ಜಿದ್ದಾದ ಫಿಕ್‌ಹ್ ಅಕಾಡೆಮಿ ವಾಣಿಜ್ಯ ವಿಮೆಯನ್ನು ಒಪ್ಪದೆ ಸಹಕಾರಿ ವಿಮೆಯನ್ನು ಒಪ್ಪಿತು. 1979ರಲ್ಲಿ ಸುಡಾನಿನಲ್ಲಿ ಆರಂಭವಾದ ತಕಾಫುಲ್‌ಗೆ ಮಲೇಶಿಯಾ 1984ರಲ್ಲಿ ಕಾಯ್ದೆಯನ್ನೇ ಮಾಡಿತು. ನಮ್ಮ ದೇಶದಲ್ಲಿ ಥರ್ಡ್ ಪಾರ್ಟಿ ವಿಮೆ ಕಾನೂನಿನ ಕಡ್ಡಾಯ. ಅರಿಯದೆ ಆದ ಸಾವಿನ ದಿಯತ್ತನ್ನು ಕುಲದವರೆಲ್ಲ ಹಂಚಿಕೊಂಡು ತೀರಿಸುವ ಆಕಿಲಾ ಎಂಬ ಏರ್ಪಾಡು ಫಿಕ್‌ಹ್‌ನಲ್ಲಿದೆ. ನೊಂದವರ ಮನೆ ಬರಿಗೈಯಲ್ಲಿ ಉಳಿಯಬಾರದೆಂಬ ಕಾಳಜಿ ಅದರಲ್ಲಿಯೂ ಇದೆ. ಉಳಿದ ರಕ್ಷಣೆಗಳ ಬಗ್ಗೆ ನೀವು ನಂಬುವ ಆಲಿಮರನ್ನು ಕೇಳಿರಿ. ಕೇಳುವಾಗ ಪಾಲಿಸಿಯನ್ನೂ ಮುಂದಿಡಿ. ಅವರಿಗೂ ಉತ್ತರ ಹೇಳಲು ಸುಲಭ.

ಈ ಸಲ ನವೀಕರಣಕ್ಕೆ ಏಜೆಂಟರು ಬಂದಾಗ ಚಹಾ ಕೊಟ್ಟು ಒಳಗೆ ಹೋಗಬೇಡಿ, ಎದುರು ಕುಳಿತು ಕೇಳಿ. ಐ.ಡಿ.ವಿ. ಎಷ್ಟು ಬರೆದಿದ್ದೀರಿ, ಯಾವ ಆಧಾರದ ಮೇಲೆ? ಕಾರಿನಲ್ಲಿ ಕುಳಿತವರಿಗೆ ರಕ್ಷಣೆ ಇದೆಯೇ? ಡ್ರೈವರಿಗೆ? ಬೆಂಕಿ, ಕಳವು, ನೆರೆ ಸೇರಿವೆಯೇ? ಆರ್.ಸಿ. ಯಾವ ತಾರೀಖಿನವರೆಗೆ, ಯಾರ ಹೆಸರಲ್ಲಿ? ಪಾಲಿಸಿ ಮುಗಿದು 90 ದಿನ ದಾಟಿದರೆ ಇಷ್ಟು ವರ್ಷ ಕೂಡಿಸಿದ ನೋ ಕ್ಲೇಮ್ ಬೋನಸ್ ಹೋಗುತ್ತದೆ, ಕೊನೆಯ ದಿನ ಯಾವುದು? ಉತ್ತರಗಳನ್ನು ಮಗಳ ನೋಟ್‌ಬುಕ್ಕಿನಲ್ಲಿ ಬರೆಸಿ. ಅವಳಿಗೂ ಒಂದು ಪಾಠವಾಗಲಿ.